ಅಲೆ ತಲುಪಿದರೆ ಪಾಠ ತಲುಪಿತೇ?

ಕರ್ನಾಟಕಕ್ಕೆ ಟೆಲಿವಿಷನ್ ಮೊದಲು ಎಲ್ಲಿಗೆ ಬಂತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬೆಂಗಳೂರಿಗೆ ಎನ್ನುತ್ತೇವೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಕನ್ನಡ ಮಾತನಾಡಿತ್ತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೂ ಆರಂಭವಾಯಿತು. ರಾಜಧಾನಿಗಿಂತ ಮೊದಲು ಹಿಂದುಳಿದ ಜಿಲ್ಲೆಗೆ, ಮನರಂಜನೆಗಿಂತ ಮೊದಲು ಶಾಲೆಗೆ ಟಿವಿ ಬಂದದ್ದು ಆಕಸ್ಮಿಕವಲ್ಲ. ಬೇಕೆಂದೇ ಹಾಗೆ ಯೋಜಿಸಲಾಗಿತ್ತು.

ಬೋಧನಾಭ್ಯಾಸದಲ್ಲಿ ವಿಡಿಯೋ ತೋರಿಸಿ ಪಾಠ ಮಾಡುವ ನಾವು ಈ ಇತಿಹಾಸವನ್ನು ಒಮ್ಮೆ ಓದಿಕೊಳ್ಳಬೇಕು ಎಂಬುದು ಈ ಲೇಖನದ ವಾದ. ಏಕೆಂದರೆ ಅಂದಿನವರು ಎದುರಿಸಿದ ಪ್ರಶ್ನೆಯೇ ಇಂದು ನಮ್ಮ ಮುಂದೆಯೂ ಇದೆ. ಚಿತ್ರ ಪರದೆಗೆ ಬಂದ ಮಾತ್ರಕ್ಕೆ ಪಾಠ ಮಗುವಿಗೆ ತಲುಪಿತೇ? ಗುಲ್ಬರ್ಗಾದ ಕಥೆಯಲ್ಲಿ ತಲುಪುವುದಕ್ಕೆ ಮೂರು ಮೆಟ್ಟಿಲುಗಳಿದ್ದವು. ಮೊದಲು ಅಲೆ ತಲುಪಬೇಕು, ಆಮೇಲೆ ಭಾಷೆ ತಲುಪಬೇಕು, ಕೊನೆಗೆ ಪಾಠ ತಲುಪಬೇಕು. ಇಂದು ನಾವು ಮೊದಲ ಮೆಟ್ಟಿಲಿನಲ್ಲೇ ನಿಂತು ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೇವೆ.

ಒಂದು ವರ್ಷದ ಎರವಲು ಉಪಗ್ರಹ

ಭಾರತದಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ. ಅದು ಸಣ್ಣ ಟ್ರಾನ್ಸ್‌ಮಿಟರ್. ನಗರದ ಸುತ್ತಮುತ್ತ ಮಾತ್ರ ಅದರ ವ್ಯಾಪ್ತಿ. 1961ರಲ್ಲಿ ದೆಹಲಿಯ ಶಾಲೆಗಳಿಗೆ ಪಾಠಗಳ ಪ್ರಸಾರ ಶುರುವಾಯಿತು. ಎರಡನೆಯ ನಗರವಾದ ಮುಂಬಯಿಗೆ ಕೇಂದ್ರ ಬಂದದ್ದು 1972ರಲ್ಲಿ. ಊರಿಗೊಂದು ಗೋಪುರ ಕಟ್ಟುತ್ತಾ ಹೋದರೆ ಹಳ್ಳಿಗಳ ಸರದಿ ಬರುವುದಕ್ಕೆ ಎಷ್ಟು ಕಾಲ ಬೇಕಾಗುತ್ತಿತ್ತು ಎಂದು ಈ ವೇಗದಿಂದಲೇ ಊಹಿಸಬಹುದು.

ವಿಕ್ರಂ ಸಾರಾಭಾಯಿ ಅವರ ಆಲೋಚನೆ ಬೇರೆಯಿತ್ತು. ನಗರದಿಂದ ಹಳ್ಳಿಯ ಕಡೆಗೆ ಮೆಲ್ಲನೆ ಹೋಗುವ ಬದಲು ಉಪಗ್ರಹದಿಂದ ನೇರವಾಗಿ ಹಳ್ಳಿಗೇ ಚಿತ್ರ ಇಳಿಸಬೇಕು ಎಂಬುದು ಅದು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ನಾಸಾ 1974ರ ಮೇ ತಿಂಗಳಲ್ಲಿ ಹಾರಿಸಿದ ಎಟಿಎಸ್-6 ಉಪಗ್ರಹವನ್ನು ಮರುವರ್ಷ ಪೂರ್ವ ಆಫ್ರಿಕಾದ ನೆತ್ತಿಯ ಮೇಲಕ್ಕೆ ಸರಿಸಿ, ಭಾರತಕ್ಕೆ ಒಂದು ವರ್ಷದ ಮಟ್ಟಿಗೆ ಕೊಡಲಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಈ ಕಾರ್ಯಕ್ರಮವೇ ಸೈಟ್, ಅಂದರೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಕರ್ನಾಟಕ, ಆಂಧ್ರ ಪ್ರದೇಶ, ಒಡಿಶಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ ಎಂಬ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯದ ಟಿವಿಗಳನ್ನು ಇಡಲಾಯಿತು. ಪ್ರಯೋಗ ನೋಡುವುದಕ್ಕೆಂದು ಇಸ್ರೋದವರು ಕೊಲಂಬೊದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಒಂದು ಆಂಟೆನಾ ಕೂರಿಸಿಕೊಟ್ಟರು. ಭೂಸ್ಥಿರ ಉಪಗ್ರಹಗಳಿಂದ ಪ್ರಸಾರ ಸಾಧ್ಯ ಎಂದು 1945ರಲ್ಲೇ ಬರೆದಿದ್ದವರು ಅವರು.

ಈ ಕೆಲಸದ ಕೇಂದ್ರ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರ. ಅದರ ಆಗಿನ ನಿರ್ದೇಶಕರು ಪ್ರೊ. ಯಶ್‌ಪಾಲ್. ಹೊರೆಯಿಲ್ಲದ ಕಲಿಕೆಯ ಬಗ್ಗೆ 1993ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೆಂದು ನಾವು ಬಿ.ಇಡಿ. ತರಗತಿಯಲ್ಲಿ ಓದುವ ಯಶ್‌ಪಾಲ್ ಅವರೇ ಇವರು. ಹಳ್ಳಿ ಶಾಲೆಗೆ ಚಿತ್ರ ಇಳಿಸಿದವರೇ ಮುಂದೆ ಮಗುವಿನ ಚೀಲದ ಭಾರದ ಬಗ್ಗೆ ಮಾತನಾಡಿದರು. ಈ ಎರಡು ಕೆಲಸಗಳಿಗೂ ಸಂಬಂಧವಿದೆ ಎಂದು ನನಗೆ ಅನಿಸುತ್ತದೆ.

ಅಲೆ ತಲುಪುವ ಲೆಕ್ಕ

ಗುಲ್ಬರ್ಗಾದ ಇತಿಹಾಸ ವಿಜ್ಞಾನ ಮತ್ತು ಗಣಿತದ ತರಗತಿಗೂ ಬರಬೇಕು. ಸಾಮಾನ್ಯವಾಗಿ ನಾವು ಟೆಲಿವಿಷನ್ ಇತಿಹಾಸ ಎಂದರೆ ಜಾನ್ ಲೋಗಿ ಬೇರ್ಡ್ ಎಂಬ ಹೆಸರು ಮತ್ತು ಒಂದು ಇಸವಿ ಬರೆಸಿ ಮುಂದೆ ಹೋಗುತ್ತೇವೆ. ಅದು ರಸಪ್ರಶ್ನೆಗೆ ಸಾಕು, ಕಲಿಕೆಗೆ ಸಾಲದು. ಗೋಪುರದಿಂದ ಹೊರಟ ಅಲೆ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ ಮಾತ್ರ ಹತ್ತನೆಯ ತರಗತಿಯ ಮಗು ತಾನೇ ಲೆಕ್ಕ ಹಾಕಿ ಉತ್ತರ ಹೇಳಬಹುದು.

ಟಿವಿ ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ. ಭೂಮಿ ಗುಂಡಗಿದೆ. ಆದ್ದರಿಂದ ಗೋಪುರದ ತುದಿಯಿಂದ ಹೊರಟ ಅಲೆ ಭೂಮಿಗೆ ಸ್ಪರ್ಶಕವಾಗುವ ಬಿಂದುವೇ ನೆಲದ ಮೇಲೆ ಅದರ ಗಡಿ. ಸ್ಪರ್ಶಕವು ತ್ರಿಜ್ಯಕ್ಕೆ ಲಂಬವಾಗಿರುತ್ತದೆ ಎಂಬ ಪ್ರಮೇಯ ವೃತ್ತಗಳ ಅಧ್ಯಾಯದಲ್ಲಿದೆ. ಲಂಬಕೋನ ತ್ರಿಭುಜ ಸಿಕ್ಕಿತು, ಪೈಥಾಗೊರಸ್ ಪ್ರಮೇಯ ಗೊತ್ತಿದೆ. ಭೂಮಿಯ ತ್ರಿಜ್ಯ 6,400 ಕಿ.ಮೀ. ಎಂದು ಇಟ್ಟುಕೊಂಡರೆ, ಗೋಪುರದ ಎತ್ತರವನ್ನು ಮೀಟರಿನಲ್ಲಿ ಬರೆದು ಅದರ ವರ್ಗಮೂಲವನ್ನು ಸುಮಾರು 3.6ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 100 ಮೀಟರ್ ಎತ್ತರದ ಗೋಪುರಕ್ಕೆ 36 ಕಿ.ಮೀ. ಗಾಳಿಯ ಪದರಗಳು ಅಲೆಯನ್ನು ಸ್ವಲ್ಪ ಬಾಗಿಸುವುದರಿಂದ ನಿಜವಾದ ದೂರ ಇದಕ್ಕಿಂತ ಕೊಂಚ ಹೆಚ್ಚು.

ಇನ್ನು ಹಂಚಿನ ಮನೆಯ ಮೇಲೆ ಬಿದಿರು ಗಳ ನಿಲ್ಲಿಸಿ ಆಂಟೆನಾ ಕಟ್ಟುತ್ತಿದ್ದ ಕಾಲವನ್ನು ನೆನೆಯೋಣ. ನೆಲದಿಂದ ಆಂಟೆನಾದ ಎತ್ತರ 9 ಮೀಟರ್ ಎಂದುಕೊಳ್ಳಿ. 9ರ ವರ್ಗಮೂಲ 3, 100ರ ವರ್ಗಮೂಲ 10. ಎರಡೂ ಸೇರಿ 13. ಅಂದರೆ ದೂರ 36 ಕಿ.ಮೀ.ನಿಂದ ಸುಮಾರು 47 ಕಿ.ಮೀ.ಗೆ ಏರಿತು. ಗಳವಿಲ್ಲದೆ ಅದೇ ದೂರವನ್ನು ಗೋಪುರದಿಂದಲೇ ಸಾಧಿಸಬೇಕಾದರೆ ಗೋಪುರದ ಎತ್ತರ 13ರ ವರ್ಗ, ಅಂದರೆ 169 ಮೀಟರ್ ಇರಬೇಕು. ಹಳ್ಳಿಯವನ 9 ಮೀಟರ್ ಬಿದಿರು ಸರ್ಕಾರದ 69 ಮೀಟರ್ ಉಕ್ಕಿಗೆ ಸಮನಾಯಿತು! ಇಂಥ ಲೆಕ್ಕ ಕೊಟ್ಟರೆ ವರ್ಗಮೂಲ ಏಕೆ ಕಲಿಯಬೇಕು ಎಂದು ಯಾವ ಮಗುವೂ ಕೇಳುವುದಿಲ್ಲ.

ಇದನ್ನು ಹೊನ್ನೂರಿನ ಮಕ್ಕಳ ಊರಿಗೇ ಅನ್ವಯಿಸಬಹುದು. ನಕ್ಷೆಯಲ್ಲಿ ನೇರ ರೇಖೆ ಎಳೆದರೆ ಯಳಂದೂರು ಸೀಮೆಯಿಂದ ಮೈಸೂರು ಸುಮಾರು 50 ಕಿ.ಮೀ., ಬೆಂಗಳೂರು ನೂರು ಕಿ.ಮೀ.ಗೂ ಹೆಚ್ಚು. ಯಾವ ಊರಿನ ಗೋಪುರದ ಅಲೆ ಇಲ್ಲಿಗೆ ಬರಬಹುದಿತ್ತು? ನಡುವೆ ಬಿಳಿಗಿರಿರಂಗನ ಬೆಟ್ಟ ನಿಂತರೆ ಬೆಟ್ಟದ ಆಚೆ ಮಗ್ಗುಲಿನ ಹನೂರು ಕಡೆಯ ಊರುಗಳ ಗತಿ ಏನು? ಹಿಂದೆ ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸುತ್ತಿದ್ದಿರಿ ಎಂದು ಮನೆಯಲ್ಲಿ ತಾತ, ಅಜ್ಜಿ, ದೊಡ್ಡಪ್ಪನನ್ನು ಕೇಳಿಕೊಂಡು ಬನ್ನಿ ಎಂದರೆ ಅದೇ ಒಂದು ಯೋಜನಾ ಕಾರ್ಯ. ಉತ್ತರಗಳನ್ನು ತಾಲ್ಲೂಕಿನ ನಕ್ಷೆಯ ಮೇಲೆ ಬಾಣದ ಗುರುತುಗಳಾಗಿ ಹಾಕಿದರೆ ಗೋಪುರ ಎಲ್ಲಿತ್ತು ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ.

ಗುಲ್ಬರ್ಗಾಕ್ಕೆ ಮರಳೋಣ. 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಮೂರು ಜಿಲ್ಲೆಗಳೂ ಒಂದೇ. ಆದರೆ 1976ರ ಜುಲೈ 31ಕ್ಕೆ ಅವಧಿ ಮುಗಿದು ಉಪಗ್ರಹ ಹಿಂದಕ್ಕೆ ಹೋಯಿತು. ಅದರ ಜಾಗ ತುಂಬಲು 1977ರಲ್ಲಿ ಗುಲ್ಬರ್ಗಾ, ಹೈದರಾಬಾದ್, ಜೈಪುರ, ರಾಯಪುರ, ಸಂಬಲ್‌ಪುರ, ಮುಜಫ್ಫರ್‌ಪುರಗಳಲ್ಲಿ ನೆಲದ ಟ್ರಾನ್ಸ್‌ಮಿಟರ್‌ಗಳು ಬಂದವು. ಗುಲ್ಬರ್ಗಾದಿಂದ ಬಿಜಾಪುರ ನಗರವೂ ರಾಯಚೂರು ನಗರವೂ ನೂರು ಕಿ.ಮೀ.ಗಿಂತ ದೂರ. ಮೇಲಿನ ಲೆಕ್ಕ ಮಾಡಿದ ಮಗುವಿಗೆ ಮುಂದಿನದನ್ನು ನಾವು ಹೇಳಬೇಕಾಗಿಲ್ಲ. ಮೂರೂ ಜಿಲ್ಲೆಗಳನ್ನು ಒಂದು ಗೋಪುರ ಮುಟ್ಟಲಾರದು. ಒಂದು ವರ್ಷ ಚಿತ್ರ ನೋಡಿದ ಎಷ್ಟೋ ಹಳ್ಳಿಗಳು ಹೊಸ ಕೇಂದ್ರದ ವ್ಯಾಪ್ತಿಯ ಹೊರಗೇ ಉಳಿದವು. ಸ್ಪರ್ಶಕದ ಪ್ರಮೇಯಕ್ಕೆ ಇಂಥ ಪರಿಣಾಮವೂ ಇರುತ್ತದೆ ಎಂದು ತಿಳಿದಾಗ ಗಣಿತ ಮತ್ತು ಸಮಾಜ ವಿಜ್ಞಾನದ ನಡುವಿನ ಗೋಡೆ ತೆಳುವಾಗುತ್ತದೆ.

ಉಪಗ್ರಹದ ಅಲೆಯನ್ನು ಹಿಡಿದ ಆಂಟೆನಾ ಕೂಡ ಒಳ್ಳೆಯ ಪಾಠ. ಸುಮಾರು 3 ಮೀಟರ್ ಅಗಲದ ಆ ತಟ್ಟೆಯನ್ನು ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ್ದರು. ತೂತುಗಳಿಂದ ಅಲೆ ಸೋರಿಹೋಗುವುದಿಲ್ಲವೇ? ಪ್ರಸಾರದ ಆವೃತ್ತಿ 860 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗಾಂತರ ಸುಮಾರು 35 ಸೆಂ.ಮೀ. ಅಷ್ಟು ಉದ್ದದ ಅಲೆಗೆ ಒಂದೆರಡು ಸೆಂಟಿಮೀಟರಿನ ತೂತು ಲೆಕ್ಕಕ್ಕಿಲ್ಲ, ಬಲೆಯೇ ಕನ್ನಡಿ. ನಿಮ್ನ ದರ್ಪಣದ ಉಪಯೋಗಗಳು ಎಂದರೆ ಟಾರ್ಚು, ವಾಹನದ ದೀಪ, ಸೌರ ಕುಲುಮೆ ಎಂದು ಬರೆಸುವಾಗ ಇದನ್ನೂ ಸೇರಿಸಬಹುದು. ಮನೆಯ ಮೇಲಿನ ಡಿಶ್ ಆಂಟೆನಾ ಈಗ ಪ್ರತಿ ಬೀದಿಯಲ್ಲೂ ಇದೆ. ಅದನ್ನು ನೋಡುತ್ತಲೇ ಪಾಠ ಆರಂಭಿಸಬಹುದು.

ಚಿತ್ರ ಒಂದು, ಮಾತು ಎರಡು

ಅಲೆ ತಲುಪಿತು. ಆಮೇಲೆ? ಸೈಟ್ ಪ್ರಸಾರ ದಿನಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ 5ರಿಂದ 12 ವರ್ಷದ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಅವಧಿಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕು ಭಾಷೆಗಳಿಗೆ ಹಂಚಿದ್ದರು. ಕನ್ನಡದ ಪಾಲಿಗೆ 22½ ನಿಮಿಷ. ಉಪಗ್ರಹದಲ್ಲಿ ಚಿತ್ರಕ್ಕೆ ಒಂದೇ ದಾರಿ, ಧ್ವನಿಗೆ ಎರಡು. ಆದ್ದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತನ್ನು ಜೊತೆಯಲ್ಲೇ ಕಳುಹಿಸಬಹುದಾಗಿತ್ತು. ಇಷ್ಟು ಬಿಗಿಯಾದ ಸೌಕರ್ಯದಲ್ಲೂ ಮಗುವಿನ ಭಾಷೆಗೆ ಜಾಗ ಮಾಡಿದ್ದರು ಎಂಬುದನ್ನು ಗಮನಿಸಬೇಕು.

ಇಂದು ನಮ್ಮ ಫೋನಿನಲ್ಲಿ ವಿಡಿಯೋಗಳಿಗೆ ಬರವಿಲ್ಲ. ಆದರೆ ಬೋಧನಾಭ್ಯಾಸದಲ್ಲಿ ತೋರಿಸುವ ಎಷ್ಟೋ ವಿಡಿಯೋಗಳ ಮಾತು ಇಂಗ್ಲಿಷ್. ಕನ್ನಡವಿದ್ದರೂ ಅದು ಬೇಗ ಬೇಗ ಓದಿದ ಪುಸ್ತಕದ ಕನ್ನಡ. ಚಾಮರಾಜನಗರ ಸೀಮೆಯ ಮಗುವಿನ ಮಾತಿಗೂ ಅದಕ್ಕೂ ಅಂತರವಿದೆ. ಬೆಟ್ಟದ ಪೋಡಿನಿಂದ ಬರುವ ಸೋಲಿಗ ಮಗುವಿಗೆ ಅಂತರ ಇನ್ನೂ ಹೆಚ್ಚು. ಚಿತ್ರ ನೋಡಿ ಮಕ್ಕಳು ಸುಮ್ಮನೆ ಕುಳಿತರೆ ಅದನ್ನು ನಾವು ಆಸಕ್ತಿ ಎಂದು ಅವಲೋಕನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಅರ್ಥವಾಗದೆಯೂ ಮಕ್ಕಳು ಸುಮ್ಮನಿರುತ್ತಾರೆ.

ಇದಕ್ಕೆ ಸೈಟ್‌ನಲ್ಲೇ ಒಂದು ಸುಲಭ ದಾರಿಯಿದೆ. ವಿಡಿಯೋದ ಧ್ವನಿಯನ್ನು ನಿಲ್ಲಿಸಿ, ಮಾತನ್ನು ನಾವೇ ಆಡೋಣ. ಚಿತ್ರ ಯಾರದ್ದಾದರೂ ಇರಲಿ, ಮಾತು ತರಗತಿಯದಾಗಿರಲಿ. ಎರಡನೆಯ ಬಾರಿ ತೋರಿಸುವಾಗ ಮಕ್ಕಳೇ ವಿವರಣೆ ಕೊಡಲಿ. ಯಾವ ಪರಿಕಲ್ಪನೆ ತಿಳಿದಿದೆ, ಯಾವುದು ತಿಳಿದಿಲ್ಲ ಎಂಬುದು ಆ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ. ಬೇರೆ ಮೌಲ್ಯಮಾಪನ ಸಾಧನ ಬೇಕಾಗುವುದಿಲ್ಲ.

ಪರದೆಯ ಪಕ್ಕ ನಿಂತವರು

ಮೂರನೆಯ ಮೆಟ್ಟಿಲು ನಮಗೆ ನೇರವಾಗಿ ಸಂಬಂಧಿಸಿದ್ದು. ಸೈಟ್ ನಡೆದ ಒಂದೇ ವರ್ಷದಲ್ಲಿ ಎನ್‌ಸಿಇಆರ್‌ಟಿ ಮೂಲಕ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ 12 ದಿನಗಳ ತರಬೇತಿಯನ್ನು ಎರಡು ಸುತ್ತು ನಡೆಸಲಾಯಿತು. ಒಟ್ಟು ಸುಮಾರು 48,000 ಶಿಕ್ಷಕರು ಇದರಲ್ಲಿ ಪಾಲ್ಗೊಂಡರು. ತರಬೇತಿ ಟಿವಿಯಿಂದಷ್ಟೇ ಇರಲಿಲ್ಲ. ಟಿವಿ ಕಾರ್ಯಕ್ರಮ, ರೇಡಿಯೋ ಪಾಠ, ಮುದ್ರಿತ ಸಾಮಗ್ರಿ, ಕೈಯಾರೆ ಮಾಡುವ ಚಟುವಟಿಕೆ, ಗುಂಪು ಚರ್ಚೆ ಎಲ್ಲ ಸೇರಿತ್ತು. ಉಪಗ್ರಹದಷ್ಟು ದುಬಾರಿ ಸಾಧನ ಕೈಯಲ್ಲಿದ್ದಾಗಲೂ ಅವರು ಪರದೆಯ ಪಕ್ಕ ನಿಲ್ಲುವ ಶಿಕ್ಷಕರ ಮೇಲೆ ಇಷ್ಟು ಕಾಲ ಖರ್ಚು ಮಾಡಿದರು.

ಇದು ಮೂರು ಜಿಲ್ಲೆಗಳ ಹಳೆಯ ಕಥೆ, ನಮಗೇನು ಎನ್ನುವಂತಿಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ತಲುಪಿಸುವ ಪ್ರಾಯೋಗಿಕ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ಚಾಮರಾಜನಗರ ಜಿಲ್ಲೆ. ಎಂಟುನೂರಕ್ಕೂ ಹೆಚ್ಚು ಶಾಲೆಗಳಿಗೆ ಟಿವಿ, ಆಂಟೆನಾ ಬಂದವು. ನನ್ನ ವಯಸ್ಸಿನ ಕೆಲವು ಪ್ರಶಿಕ್ಷಣಾರ್ಥಿಗಳು ಆಗ ಈ ಜಿಲ್ಲೆಯ ಪ್ರಾಥಮಿಕ ಶಾಲೆಯಲ್ಲೇ ಇದ್ದವರು. 2010ರಲ್ಲಿ ಆ ಉಪಗ್ರಹದ ಸೇವೆಯೂ ಕೊನೆಗೊಂಡಿತು. ಈಗ ಸ್ಮಾರ್ಟ್ ತರಗತಿಗಳ ಸರದಿ. ಮುಂದೆ ಇನ್ನೊಂದು ಬರುತ್ತದೆ. ಉಪಗ್ರಹಕ್ಕೆ ಆಯಸ್ಸಿದೆ, ಯಂತ್ರ ಕೆಡುತ್ತದೆ, ಯೋಜನೆ ಮುಗಿಯುತ್ತದೆ. ಶಿಕ್ಷಕರು ಕಲಿತದ್ದು ಮಾತ್ರ ಇನ್ನೂ ಇಪ್ಪತ್ತು ಮೂವತ್ತು ವರ್ಷ ತರಗತಿಯಲ್ಲೇ ಇರುತ್ತದೆ.

ಹೀಗಿರುವಾಗ ನಮ್ಮ ಪಾಠಯೋಜನೆಯ ನಮೂನೆಯನ್ನು ನೋಡಿ. ಬೋಧನೋಪಕರಣ ಎಂಬ ಕಲಂ ಒಂದಿದೆ. ಅದರಲ್ಲಿ ವಿಡಿಯೋ ತುಣುಕು ಎಂದು ಬರೆದರೆ ತಂತ್ರಜ್ಞಾನದ ಬಳಕೆ ಆದಂತೆ. ಯಾವ ಪ್ರಶ್ನೆ ಕೇಳಿ ವಿಡಿಯೋ ಶುರು ಮಾಡಿದೆವು, ಎಲ್ಲಿ ನಿಲ್ಲಿಸಿದೆವು, ನೋಡಿದ ಮೇಲೆ ಮಕ್ಕಳು ಏನು ಮಾಡಿದರು ಎಂಬುದಕ್ಕೆ ಜಾಗವೇ ಇಲ್ಲ. ಜಾಗವಿಲ್ಲದ್ದಕ್ಕೆ ತಯಾರಿಯೂ ಆಗುವುದಿಲ್ಲ, ಅಂಕವೂ ಬರುವುದಿಲ್ಲ.

ನಾಲ್ಕು ಸಲಹೆಗಳು

ಉಪನ್ಯಾಸಕರ ಮತ್ತು ಸಹ ಪ್ರಶಿಕ್ಷಣಾರ್ಥಿಗಳ ಪರಿಶೀಲನೆಗೆ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಪಾಠಯೋಜನೆಯಲ್ಲಿ ವಿಡಿಯೋ ಎಂದು ಬರೆದರೆ ಅದರ ಕೆಳಗೆ ಮೂರು ಸಾಲು ಕಡ್ಡಾಯವಾಗಲಿ: ನೋಡುವ ಮೊದಲಿನ ಪ್ರಶ್ನೆ, ನಿಲ್ಲಿಸುವ ಜಾಗ, ನೋಡಿದ ನಂತರದ ಚಟುವಟಿಕೆ. ಅವಲೋಕಿಸುವವರು ಈ ಮೂರನ್ನೇ ಗಮನಿಸಲಿ.

ಎರಡನೆಯದು, ವಿದ್ಯುತ್ ಅಥವಾ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವ ಪಾಠವನ್ನೇ ವಿಡಿಯೋ ಸಹಿತ ಪಾಠವೆಂದು ಒಪ್ಪಿಕೊಳ್ಳಲಿ. ಪರದೆ ಕಪ್ಪಾದೊಡನೆ ನಿಂತುಹೋಗುವ ಪಾಠ ಮೊದಲೇ ನಮ್ಮ ಕೈಯಲ್ಲಿರಲಿಲ್ಲ ಎಂದರ್ಥ.

ಮೂರನೆಯದು, ಸೂಕ್ಷ್ಮ ಬೋಧನೆಯಲ್ಲಿ ಧ್ವನಿ ನಿಲ್ಲಿಸಿದ ವಿಡಿಯೋಗೆ ವಿವರಣೆ ಕೊಡುವುದನ್ನು ಒಂದು ಕೌಶಲವಾಗಿ ಅಭ್ಯಾಸ ಮಾಡೋಣ. ಐದಾರು ನಿಮಿಷದ ಅವಧಿಗೆ ಅದು ಸರಿಯಾಗಿ ಹೊಂದುತ್ತದೆ.

ನಾಲ್ಕನೆಯದು, ಭೌತವಿಜ್ಞಾನ ಮತ್ತು ಗಣಿತದ ಪ್ರಶಿಕ್ಷಣಾರ್ಥಿಗಳು ವರ್ಷಕ್ಕೆ ಒಂದಾದರೂ ಪಾಠವನ್ನು ಒಂದು ನಿಜವಾದ ಕೇಂದ್ರದ ಇತಿಹಾಸದಿಂದ ಕಟ್ಟಲಿ. ಪ್ರಸಾರ ಕೇಂದ್ರ, ಜಲವಿದ್ಯುತ್ ಕೇಂದ್ರ, ರೇಷ್ಮೆ ಕಾರ್ಖಾನೆ ಯಾವುದಾದರೂ ಆಗಬಹುದು. ಶಿವನಸಮುದ್ರ ನಮಗೆ ಹತ್ತಿರದಲ್ಲೇ ಇದೆ. ಏನು, ಯಾವಾಗ ಎಂಬುದರ ಜೊತೆಗೆ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ, ಏಕೆ ಎಂಬ ಪ್ರಶ್ನೆಗಳೂ ಅದರಲ್ಲಿರಲಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಆಕ್ಷೇಪ ಬರುತ್ತದೆ. 40 ನಿಮಿಷದ ಅವಧಿ, ಮುಗಿಸಬೇಕಾದ ಪಠ್ಯ, ಎದುರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಗೋಪುರದ ಲೆಕ್ಕ ಪಠ್ಯದಿಂದ ಹೊರಗಿನದಲ್ಲ, ಸ್ಪರ್ಶಕದ ಪ್ರಮೇಯಕ್ಕೇ ಕೊಟ್ಟ ಉದಾಹರಣೆ. ಹತ್ತು ನಿಮಿಷದ ವಿಡಿಯೋವನ್ನು ಮೂರು ನಿಮಿಷಕ್ಕೆ ಇಳಿಸಿದರೆ ಚರ್ಚೆಗೆ ಏಳು ನಿಮಿಷ ಸಿಗುತ್ತದೆ. ಸೈಟ್ ಕೇವಲ ಒಂದು ವರ್ಷ ನಡೆದ ಪ್ರಯೋಗ, ಮೇಲಿನಿಂದ ಇಳಿಸಿದ ಯೋಜನೆ, ಅದನ್ನು ಆದರ್ಶ ಎನ್ನಬೇಕೇ ಎಂದೂ ಕೇಳಬಹುದು. ಆದರ್ಶ ಎನ್ನಬೇಕಾಗಿಲ್ಲ. ಮುಂದೆ 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್‌ಗಳು ದೇಶದಲ್ಲಿ ಎದ್ದವು, ಅವುಗಳಲ್ಲಿ ಹೆಚ್ಚಿನವು ದೆಹಲಿಯ ಕಾರ್ಯಕ್ರಮವನ್ನೇ ಮರುಪ್ರಸಾರ ಮಾಡಿದವು. ಗುಲ್ಬರ್ಗಾದಲ್ಲಿ ಕೇಳಿದ ಪ್ರಶ್ನೆಗಳನ್ನು ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. ಅಲೆ ಎಲ್ಲೆಡೆ ತಲುಪಿತು, ಶಾಲೆ ಹಿಂದೆ ಉಳಿಯಿತು. ಹೋಲಿಸಿ ನೋಡಲು ಎರಡೂ ನಮ್ಮ ಮುಂದಿವೆ.

ಮುಂದಿನ ತಿಂಗಳು ನಮ್ಮಲ್ಲಿ ಅನೇಕರು ಮತ್ತೆ ಶಾಲೆಗಳಿಗೆ ಹೋಗುತ್ತೇವೆ. ಕೆಲವು ಶಾಲೆಗಳಲ್ಲಿ ದೊಡ್ಡ ಪರದೆ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಕೆಲವದರಲ್ಲಿ ಇದ್ದೂ ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ಎಲ್ಲಿಗೆ ಹೋದರೂ ಪಾಠಯೋಜನೆ ಬರೆಯುವಾಗ ಆ ಮೂರು ಸಾಲುಗಳನ್ನು ನಾವಾಗಿಯೇ ಬರೆಯಲು ಶುರು ಮಾಡೋಣ. ನಮೂನೆ ಬದಲಾಗುವವರೆಗೆ ಕಾಯಬೇಕಾಗಿಲ್ಲ, ಅಂಚಿನಲ್ಲಿ ಜಾಗವಿದೆ.